ಕಳೆದರೆ ನಲವತ್ತೇಳು

ಫೆಬ್ರವರಿ 12, ಬುಧವಾರ

ನಾಡಿ 47. ಓಟ 8 ಕಿ.ಮೀ., ನಿಧಾನ.

ಭಾನುವಾರ ಐವತ್ತು ಕಿಲೋಮೀಟರ್. ನಲವತ್ತೊಂದನೇ ವಯಸ್ಸಲ್ಲಿ ಮೊದಲನೇ ಐವತ್ತು. ಎಲ್ಲ ಲೆಕ್ಕ ಹಾಕಿಟ್ಟಿದ್ದೆ. ನೀರು ಎಷ್ಟು, ಉಪ್ಪು ಎಷ್ಟು, ಕಾಲುಚೀಲ ಯಾವುದು. ಒಂದೇ ಲೆಕ್ಕ ತಪ್ಪಿದ್ದು. ಮುಟ್ಟು ಸರಿಯಾಗಿ ಶನಿವಾರಕ್ಕೇ ಬಂದು ಕೂರುತ್ತೆ. ಆರು ತಿಂಗಳ ಬೆವರು ನೀರುಪಾಲಾಗೋಕೆ ನಾನು ಬಿಡ್ತೀನಾ? ಔಷಧಿ ಅಂಗಡಿಗೆ ಹೋಗಿ ಮುಂದೂಡೋ ಮಾತ್ರೆ ತಂದೆ. ಅಂಗಡಿಯವಳು ಪೆಪ್ಪರಮೆಂಟು ಕೊಟ್ಟ ಹಾಗೆ ಕೊಟ್ಟಳು, ಡಾಕ್ಟರ ಚೀಟಿ ಕೂಡ ಕೇಳಲಿಲ್ಲ. ದಿನಕ್ಕೆ ಮೂರು, ಇವತ್ತಿಂದ ಶುರು.

ನಮ್ಮ ತಕ್ಕಡಿ ಅಂಗಡಿಗೆ ಬೇಕರಿಯವರ ತೂಕದ ಯಂತ್ರ ರಿಪೇರಿಗೆ ಬಂದಿತ್ತು. ಖಾಲಿ ಇದ್ರೂ ನಲವತ್ತು ಗ್ರಾಂ ತೋರಿಸ್ತಿತ್ತು. ನಾನು ಮುಚ್ಚಳ ಬಿಚ್ಚಿ, ಒಳಗಿನ ತಂತಿಗಳನ್ನೆಲ್ಲ ಜಾಲಾಡ್ತಾ ಕೂತಿದ್ದೆ. ಅಪ್ಪ ಹಿಂದಿನಿಂದ ಬಂದು ತಟ್ಟೆ ಎತ್ತಿದ್ರು. ಅದರ ಅಡಿಗೆ ಹಿಟ್ಟಿನ ಉಂಡೆಯೊಂದು ಅಂಟಿ ಕಲ್ಲಾಗಿತ್ತು. ಉಗುರಲ್ಲಿ ಕೆರೆದು ತೆಗೆದ್ರು, ಸೊನ್ನೆ ಬಂತು. "ತಿರುಪು ಮುಟ್ಟೋಕೆ ಮುಂಚೆ ತಟ್ಟೆ ನೋಡಮ್ಮ," ಅಂದ್ರು. ಅದೂ ಪಿಸುಮಾತಲ್ಲಿ. ಅಪ್ಪ ಗಂಟಲೆತ್ತಿ ಮಾತಾಡಿ ಇಪ್ಪತ್ತೇಳು ವರ್ಷ ಆಯ್ತು, ಅಮ್ಮ ಹೋದ ದಿನದಿಂದ. ಪಕ್ಕದ ಬೀಗ ರಿಪೇರಿಯವನು ನಮ್ಮ ಅಂಗಡೀನ ಗ್ರಂಥಾಲಯ ಅಂತಾನೆ. ನಾನಂತೂ ಅಪ್ಪನ ಹತ್ತಿರ ಕೆಲಸದ ಮಾತು ಬಿಟ್ಟು ಬೇರೆ ಆಡಲ್ಲ. ಅಭ್ಯಾಸ ಆಗಿಹೋಗಿದೆ.

ಫೆಬ್ರವರಿ 17, ಸೋಮವಾರ

ನಾಡಿ 51. ಓಟ ಇಲ್ಲ.

ಮುಗಿಸಿದೆ! ಆರು ಗಂಟೆ ಹನ್ನೊಂದು ನಿಮಿಷ! ಮೂವತ್ತೆಂಟನೇ ಕಿಲೋಮೀಟರಲ್ಲಿ ಒಬ್ಬ ದಡಿಯ ನನ್ನ ದಾಟಿ ಹೋಗ್ತಾ "ಆಂಟಿ, ಸುಧಾರಿಸ್ಕೊಳ್ಳಿ" ಅಂದ. ನಲವತ್ನಾಲ್ಕರಲ್ಲಿ ಅವನು ಕಂಬ ಹಿಡ್ಕೊಂಡು ನಿಂತಿದ್ದ. "ಸುಧಾರಿಸ್ಕೊಳ್ಳಪ್ಪ" ಅಂತ ಹೇಳಿ ಮುಂದೆ ಹೋದೆ. ಇಷ್ಟು ಖುಷಿ ನನಗೆ ಯಾವತ್ತೂ ಆಗಿಲ್ಲ.

ಕೊನೇ ಗೆರೆ ಹತ್ತಿರ ಗುಬ್ಬಿ ಕುಣೀತಿದ್ದಳು. ಮೂವತ್ನಾಲ್ಕು ವರ್ಷ, ಊರಿಗೆಲ್ಲ ಕಾಗದ ಹಂಚೋ ಅಂಚೆಯವಳು, ನನಗಿನ್ನೂ ಗುಬ್ಬೀನೇ. ತಂಗಿ ಅಂದ್ರೆ ಅಷ್ಟೇ. ಪದಕ ಕೊರಳಿಗೆ ಬಿದ್ದ ಅರ್ಧ ಗಂಟೆಗೆ ಬಸ್ ಹತ್ತಿದ್ವಿ. ಹನ್ನೊಂದು ಗಂಟೆ ಪ್ರಯಾಣ. ಮುಂದಿನ ಸೀಟು ಮಂಡಿಗೆ ಒತ್ತುತ್ತಿತ್ತು, ಕಾಲು ಚಾಚೋಕೆ ಜಾಗ ಇಲ್ಲ. ಬಸ್ಸು ಎಲ್ಲಿ ನಿಲ್ಲಿಸ್ತಾನೋ ಇಲ್ವೋ ಅಂತ ನೀರು ಕೂಡ ಕುಡೀಲಿಲ್ಲ. ಕಿಟಕಿಗೆ ತಲೆ ಕೊಟ್ಟು ಹೆಣದ ಹಾಗೆ ಬಿದ್ಕೊಂಡಿದ್ದೆ.

ಫೆಬ್ರವರಿ 19, ಬುಧವಾರ

ನಾಡಿ 55. ಓಟ ಇಲ್ಲ.

ಎಡಗಾಲಿನ ಮೀನಖಂಡ ಹಿಡ್ಕೊಂಡಿದೆ. ಐವತ್ತು ಓಡಿದ ಕಾಲು ನೋಯದೆ ಇನ್ನೇನು ಹಾಡುತ್ತಾ? ಗುಬ್ಬಿ ಎಣ್ಣೆ ಬಿಸಿ ಮಾಡಿ, ಎರಡೂ ಹೆಬ್ಬೆರಳು ಊರಿ, ಮುಕ್ಕಾಲು ಗಂಟೆ ತಿಕ್ಕಿದಳು. "ಗಂಟು ಕಟ್ಟಿದೆ ಅಕ್ಕ, ಬಿಡಿಸ್ತೀನಿ ಇರು," ಅಂತಾಳೆ. ನನಗೆ ಕಣ್ಣಲ್ಲಿ ನೀರು ಬಂತು. ನಮ್ಮ ಓಟದ ಗುಂಪಲ್ಲಿ ಎಲ್ಲರಿಗೂ ಒಂದೇ ನಂಬಿಕೆ, ಕಾಲು ನೋವಂದ್ರೆ ತಿಕ್ಕು, ಇನ್ನೂ ನೋವಂದ್ರೆ ಇನ್ನೂ ತಿಕ್ಕು.

ಮಾರ್ಚ್ ಒಂಬತ್ತಕ್ಕೆ ಅವಳ ಮೊದಲನೇ ಇಪ್ಪತ್ತೊಂದು ಕಿಲೋಮೀಟರ್. ಅವಳಿಗೂ ಅದೇ ತಾಪತ್ರಯ, ತಾರೀಕು ಕೂಡಿಬರ್ತಿಲ್ಲ. ನನ್ನ ಮಾತ್ರೆ ಐದು ಉಳಿದಿತ್ತು. "ತಗೋ, ಒಳ್ಳೆ ಕೆಲಸ ಮಾಡುತ್ತೆ, ಸಾಲದೇ ಹೋದ್ರೆ ಇನ್ನಷ್ಟು ತಗೊಳೋಣ" ಅಂತ ಕೊಟ್ಟೆ.

ಫೆಬ್ರವರಿ 22, ಶನಿವಾರ

ನಾಡಿ 59. ಓಟ 4 ಕಿ.ಮೀ., ಹಾಳು.

ಐವತ್ತೊಂಬತ್ತಂತೆ! ಆರು ವರ್ಷದಿಂದ ಎದ್ದ ತಕ್ಷಣ ನಾಡಿ ಬರೀತಿದೀನಿ, ನಲವತ್ತೇಳರ ಆಸುಪಾಸು ಬಿಟ್ಟು ಕದಲಿಲ್ಲ. ವಾಚೇ ಕೈಕೊಟ್ಟಿದೆ. ಓಟದ ದಿನ ಅಷ್ಟು ಬೆವರು ಕುಡಿದಿದೆ, ಕೆಡದೆ ಇರುತ್ತಾ? ಹಿಂದಿನ ಗಾಜು ಒರೆಸಿದೆ, ಪಟ್ಟಿ ಬದಲಾಯಿಸಿದೆ, ಚಾರ್ಜು ಹಾಕಿದೆ. ಮತ್ತೆ ನೋಡಿದ್ರೆ ಐವತ್ತೊಂಬತ್ತೇ. ಸರಿ, ಹನ್ನೆರಡು ಜಾಸ್ತಿ ತೋರಿಸ್ತಿದೆ ಅಂತಾಯ್ತು. ಮುಳ್ಳು ಸೊನ್ನೆಗೆ ಬರದಿರೋ ತಕ್ಕಡೀಲಿ ತೂಗೋವಾಗ ನಾವು ಮಾಡೋದೂ ಅದೇ, ಎಷ್ಟು ಜಾಸ್ತಿಯೋ ಅಷ್ಟು ಕಳೆಯೋದು. ಐವತ್ತೊಂಬತ್ತರಲ್ಲಿ ಹನ್ನೆರಡು ಕಳೆದರೆ ನಲವತ್ತೇಳು.

ಫೆಬ್ರವರಿ 25, ಮಂಗಳವಾರ

ನಾಡಿ 68. ಇಪ್ಪತ್ತೊಂದು ಕಳೆದು 47. ವಾಚು ದಿನೇ ದಿನೇ ಹದಗೆಡ್ತಿದೆ.

ಎಡ ಮೀನಖಂಡ ಬಲಗಾಲಿಗಿಂತ ದಪ್ಪ ಕಾಣ್ತಿದೆ. ಟೇಪು ಹಿಡಿದು ನೋಡಿದೆ, ಮೂರು ಸೆಂಟಿಮೀಟರ್ ವ್ಯತ್ಯಾಸ. ಗುಬ್ಬಿ ಮತ್ತೆ ತಿಕ್ಕಿದಳು. ಅಪ್ಪ ಬಾಗಿಲಲ್ಲಿ ನಿಂತು ಆ ಕಾಲನ್ನೇ ನೋಡ್ತಿದ್ರು. "ಏನಪ್ಪ?" ಅಂದೆ. ಏನೋ ಹೇಳೋಕೆ ಬಾಯಿ ತೆರೆದು, ಹಾಗೇ ಒಳಗೆ ಹೋದ್ರು. ಬೇರೆಯವರ ಅಪ್ಪಂದಿರು "ಓಡಿದ್ದು ಸಾಕು, ಮನೇಲಿ ಬಿದ್ದಿರು" ಅಂತ ಗದರಿಸ್ತಾರೆ. ನಮ್ಮಪ್ಪನಿಗೆ ಅದೂ ಬರಲ್ಲ.

ಫೆಬ್ರವರಿ 26, ಬುಧವಾರ

ಗುಬ್ಬಿ ಕಾಟಕ್ಕೆ ಮೂಲೆ ಕ್ಲಿನಿಕ್ಕಿಗೆ ಹೋಗಿ ಬಂದೆ. ಡಾಕ್ಟರು ಐವತ್ತು ಓಡಿದ್ದು ಕೇಳಿ ಕುರ್ಚಿ ಬಿಟ್ಟು ಎದ್ದೇಬಿಟ್ರು. "ಅಬ್ಬಾ! ನಿಮ್ಮಂಥೋರಿಗೆ ಏನಾಗುತ್ತೆ ಬಿಡಿ, ಸ್ನಾಯು ಉಳುಕಿದೆ." ನಾಡಿ ನೋಡಿ ಎಂಬತ್ತೆರಡು ಅಂದ್ರು, ವಯಸ್ಸಿಗೆ ಸರಿಯಾಗಿದೆ ಅಂದ್ರು. ನನಗೆ ನಲವತ್ತೇಳಿರುತ್ತೆ ಅಂತ ನಾನೂ ಹೇಳಲಿಲ್ಲ. ಜಂಬ ಕೊಚ್ಚಿಕೊಂಡ ಹಾಗಾಗುತ್ತೆ. ಅಲ್ಲದೆ ಡಾಕ್ಟರ ಮುಂದೆ ಕೂತ್ರೆ ಯಾರಿಗಾದ್ರೂ ನಾಡಿ ಏರುತ್ತೆ.

ಫೆಬ್ರವರಿ 28, ಶುಕ್ರವಾರ

ನಾಡಿ 84. ಮೂವತ್ತೇಳು ಕಳೆದು 47.

ಮೂರು ಕಿಲೋಮೀಟರ್ ಓಡೋದ್ರೊಳಗೆ ಉಸಿರು ಕಟ್ಟಿ ಬಂತು. ಎರಡು ವಾರ ಸೋಮಾರಿಯಾಗಿ ಬಿದ್ದಿದ್ದಕ್ಕೆ ದಮ್ಮು ಇಳಿದುಹೋಗಿದೆ. ನಾಳೆಯಿಂದ ಬೆಳಗ್ಗೆ ಸಂಜೆ ಎರಡು ಹೊತ್ತೂ ಓಡಬೇಕು. ಆಳವಾಗಿ ಉಸಿರೆಳೆದ್ರೆ ಬಲಪಕ್ಕೆಯಲ್ಲಿ ಚುಚ್ಚುತ್ತೆ. ಮಲಗಿದ ಭಂಗಿ ಸರಿ ಇರಲಿಲ್ಲ ಅಂತ ಕಾಣುತ್ತೆ.

ಮಾರ್ಚ್ 1, ಶನಿವಾರ

ನಾಡಿ 103. ಎಷ್ಟು ಕಳೀಬೇಕೋ.

ಅಂಗಡಿಗೆ ಮೆಟ್ಟಿಲು ಬರೀ ಆರು. ನಾಲ್ಕನೇದರಲ್ಲಿ ಕೂತೆ. ಇಪ್ಪತ್ತು ಕೆಜಿ ತೂಕದ ಬಟ್ಟು ಎತ್ತೋಕೆ ಹೋದ್ರೆ ಕಣ್ಣು ಕತ್ತಲೆ ಬಂತು. ದಿನಾ ಎತ್ತೋ ಬಟ್ಟು. ಕೆಮ್ಮಿದಾಗ ಕರವಸ್ತ್ರದ ಮೇಲೆ ಸಣ್ಣ ಕೆಂಪು ಚುಕ್ಕಿ. ಒಸಡಿನದ್ದಿರಬೇಕು. ಅಪ್ಪ ಎದುರಿಗೆ ಬಂದು ನಿಂತಿದಾರೆ. ವಾಚು ಕೊಡು ಅಂತ ಕೈ ಚಾಚ್ತಿದಾರೆ. ಆಮೇಲೆ ಬರೀತೀನಿ

ಮಾರ್ಚ್ 4, ಮಂಗಳವಾರ

ಬದುಕಿದೀನಿ.

ಮಾರ್ಚ್ 5, ಬುಧವಾರ

ಇವತ್ತು ಕೂತು ಬರೆಯೋಕೆ ಆಗ್ತಿದೆ. ಅಕ್ಷರ ನನಗೇ ಓದೋಕಾಗ್ತಿಲ್ಲ. ಗುಬ್ಬಿ ಈ ಪುಸ್ತಕ ತಂದುಕೊಟ್ಟಳು.

ಶನಿವಾರ ಅಪ್ಪ ನನ್ನ ವಾಚು ತಗೊಂಡು ತಮ್ಮ ಕೈಗೆ ಕಟ್ಟಿಕೊಂಡ್ರು. ಇನ್ನೊಂದು ಕೈಯ ಬೆರಳಿಂದ ತಮ್ಮ ನಾಡಿ ಹಿಡಿದು, ಗೋಡೆ ಗಡಿಯಾರ ನೋಡ್ತಾ ಪೂರ್ತಿ ಒಂದು ನಿಮಿಷ ಎಣಿಸಿದ್ರು. ಆಮೇಲೆ ಪಿಸುಮಾತಲ್ಲಿ "ನನ್ನ ಎಣಿಕೆ ಎಪ್ಪತ್ತೆರಡು. ವಾಚೂ ಎಪ್ಪತ್ತೆರಡೇ ಅನ್ನುತ್ತೆ," ಅಂದ್ರು. ನನ್ನ ಮಣಿಕಟ್ಟು ಹಿಡಿದ್ರು. ಇನ್ನೊಂದು ನಿಮಿಷ. ಅಪ್ಪನ ಕೈ ತಣ್ಣಗಾಗಿತ್ತು. "ನೂರ ಹದಿನಾಲ್ಕು. ವಾಚು ಕೆಟ್ಟಿಲ್ಲ ಮಗಳೇ."

ಹೇಗೆ ಬರೆಯಲಿ ಅದನ್ನ! ತೂಕದ ಯಂತ್ರ ಕೆಟ್ಟಿದೆಯಾ ಅಂತ ನೋಡೋಕೆ ನಾವು ಮೊದಲು ಮಾಡೋ ಕೆಲಸ ಏನು? ಗೊತ್ತಿರೋ ಬಟ್ಟು ಇಟ್ಟು ನೋಡೋದು. ಹದಿನೆಂಟು ವರ್ಷದಿಂದ ದಿನಾ ಅದನ್ನೇ ಮಾಡ್ತಿದೀನಿ. ಇನ್ನೊಬ್ಬರ ಕೈಗೆ ಕಟ್ಟಿ ನೋಡೋಕೆ ಎರಡು ನಿಮಿಷ ಸಾಕಿತ್ತು. ಎಂಟು ದಿನ ನೋಡಲಿಲ್ಲ, ಕಳೀತಾ ಕೂತೆ. ಯಾವಳಾದ್ರೂ ತನ್ನ ಜೀವದಲ್ಲೇ ಕಳೀತಾ ಕೂರ್ತಾಳಾ?

ಅಂಗಡಿ ಬಾಗಿಲು ಹಾಕದೇನೇ ಅಪ್ಪ ಆಟೋ ಕರೆದ್ರು. ಆಸ್ಪತ್ರೆ ಬಾಗಿಲಲ್ಲಿ ಇಳಿದೆ. ಐವತ್ತು ಕಿಲೋಮೀಟರ್ ಓಡಿದ ಕಾಲು, ಐದು ಹೆಜ್ಜೆ ಇಡಲಿಲ್ಲ. ಮುಂದಿನದ್ದು ತುಂಡು ತುಂಡು ನೆನಪು. ತಳ್ಳುಗಾಡಿ, ಮೂಗಿಗೆ ಗಾಳಿ, ಯಾರೋ ಬಟ್ಟೆ ಕತ್ತರಿಸಿದ್ದು, ಡಬ್ಬಿಯಂಥ ಯಂತ್ರದೊಳಗೆ ಮಲಗಿಸಿದ್ದು. ಹೊಟ್ಟೆಗೆ ಸೂಜಿ.

ನಿನ್ನೆ ಡಾಕ್ಟರಮ್ಮ ಬಂದು ಮಂಚದ ಮೇಲೇ ಕೂತು ಹೇಳಿದ್ರು. ಎಡಗಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತಂತೆ, ಮೀನಖಂಡದಿಂದ ತೊಡೆವರೆಗೆ. ಅದರ ಚೂರುಗಳು ಕಿತ್ತುಕೊಂಡು ಎರಡೂ ಶ್ವಾಸಕೋಶಕ್ಕೆ ಹೋಗಿ ಕೂತಿವೆ. "ಇನ್ನೊಂದು ದಿನ ತಡ ಆಗಿದ್ರೆ ನಾವಿಬ್ಬರೂ ಹೀಗೆ ಮಾತಾಡ್ತಿರಲಿಲ್ಲ," ಅಂದ್ರು. ಹವಾಮಾನ ಹೇಳಿದಷ್ಟು ಸಮಾಧಾನವಾಗಿ.

"ನಾನು ಓಟಗಾರ್ತಿ ಡಾಕ್ಟರೇ," ಅಂದೆ.

"ಅದಕ್ಕೇ ತಡವಾಯ್ತು. ಬೇರೆಯವರ ನಾಡಿ ಎಂಬತ್ತಿದ್ರೆ ಅದು ಅವರ ಮಾಮೂಲು, ನಿಮಗೆ ಅದು ಹೆಚ್ಚುಕಮ್ಮಿ ಎರಡರಷ್ಟು. ಗಟ್ಟಿ ಎದೆ, ತಡ್ಕೊಂಡು ತಡ್ಕೊಂಡು ಬಂತು. ಮೈಯಲ್ಲಿ ನೀರಿಲ್ಲದೆ ಅಷ್ಟು ಹೊತ್ತು ಓಡಿ, ಆಮೇಲೆ ಹನ್ನೊಂದು ಗಂಟೆ ಕಾಲು ಮಡಚಿ ಕೂತಿದೀರ. ಕಾಲನ್ನ ತಿಕ್ಕಿದ್ರಾ?"

ಗುಬ್ಬಿ ತನ್ನ ಎರಡೂ ಕೈ ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು. ಪಾಪ, ಅವಳ ಮುಖ ನೋಡೋಕಾಗಲಿಲ್ಲ.

"ಇನ್ನು ತಿಕ್ಕಬೇಡಿ. ಗೊತ್ತಿಲ್ಲದೆ ಆಗಿದ್ದು," ಅಂದ್ರು ಡಾಕ್ಟರಮ್ಮ. "ಯಾವುದಾದ್ರೂ ಮಾತ್ರೆ ತಗೋತಿದ್ರಾ?"

"ನಾನಾ? ತಲೆನೋವಿಗೂ ಮಾತ್ರೆ ನುಂಗೋಳಲ್ಲ!" ಅಂತ ದೊಡ್ಡದಾಗಿ ಹೇಳಿದೆ. ಹೇಳಿ ಬಾಯಿ ಮುಚ್ಚೋದ್ರೊಳಗೆ ನೆನಪಾಯ್ತು. ಅಯ್ಯೋ! ಅದನ್ನ ನಾನು ಮಾತ್ರೆ ಅಂತಲೇ ಅಂದುಕೊಂಡಿರಲಿಲ್ಲ. ಕಾಲುಚೀಲ, ಉಪ್ಪಿನ ಪೊಟ್ಟಣದ ಜೊತೆಗೆ ಅದೂ ಒಂದು ಅಂತಿದ್ದೆ. ಹೇಳಿದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ರು. ಅದೂ ರಕ್ತ ಹೆಪ್ಪುಗಟ್ಟೋ ಸಂಭವ ಹೆಚ್ಚಿಸುತ್ತಂತೆ.

ನಾನು ಗುಬ್ಬಿ ಮುಖ ನೋಡಿದೆ. ಗುಬ್ಬಿ ನನ್ನ ಮುಖ ನೋಡಿದಳು. ಅಂಚೆ ಚೀಲದಿಂದ ಆ ಮಾತ್ರೆ ಹಾಳೆ ಹೊರಗೆ ತೆಗೆದಳು. ಐದು ಕೊಟ್ಟಿದ್ದೆ. ಮೂರಿತ್ತು.

"ನೀನು ಹುಷಾರಾಗ್ತಿದೀಯ ಅಂದ್ರಲ್ಲ ಅಕ್ಕ... ಓಟಕ್ಕೆ ಹೋಗಬಹುದೇನೋ ಅಂತ..." ಅಂದಳು. ಸಾಯ್ತಿದ್ದೆ ಅಂತ ಕೇಳಿದಾಗಲೂ ನಾನು ಅಷ್ಟು ಹೆದರಿರಲಿಲ್ಲ.

ಮಾರ್ಚ್ 6, ಗುರುವಾರ

ನಿನ್ನೆ ಪೂರ್ತಿ ಬರೀಲಿಲ್ಲ. ಬರೆಯೋಕೆ ಧೈರ್ಯ ಬರಲಿಲ್ಲ. ಇವತ್ತು ಬರೀತೀನಿ.

ಎರಡು ಮಾತ್ರೆಗೆ ಹೆದರಬೇಕಾಗಿಲ್ಲ, ಇಲ್ಲಿಗೆ ನಿಲ್ಲಿಸಿ ಅಂತ ಡಾಕ್ಟರಮ್ಮ ಗುಬ್ಬಿಗೆ ಹೇಳಿದ್ರು. ಅವಳ ಕಾಲು ಒತ್ತಿ ನೋಡಿದ್ರು, ಏನೂ ಇರಲಿಲ್ಲ. ಆಮೇಲೆ ಕೇಳಿದ್ರು, "ನಿಮ್ಮ ಮನೇಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲಿ ಇದ್ದಕ್ಕಿದ್ದ ಹಾಗೆ ತೀರಿಕೊಂಡಿದಾರಾ?"

ಅಪ್ಪ ಮಂಚದ ಕಾಲ ಹತ್ತಿರ ನಿಂತಿದ್ರು. ಅವರು ಅಲ್ಲಿರೋದು ಯಾರಿಗೂ ನೆನಪಿರಲಿಲ್ಲ.

"ನನ್ನ ಹೆಂಡತಿ," ಅಂದ್ರು. "ಮೂವತ್ತೊಂಬತ್ತು."

ಈ ಮಾತು ನಮ್ಮನೇಲಿ ಯಾರೂ ಎತ್ತಲ್ಲ. ಅಮ್ಮ ಬಚ್ಚಲಲ್ಲಿ ಜಾರಿ ಪಾದದ ಮೂಳೆ ಮುರಿದು, ಐದು ವಾರ ಕಾಲಿಗೆ ಪ್ಲಾಸ್ಟರ್ ಹಾಕಿಸ್ಕೊಂಡು ಮಲಗಿದ್ದಳು. ಪ್ಲಾಸ್ಟರ್ ಬಿಚ್ಚಿದ ಮೇಲೂ ಕಾಲು ಊದಿದೆ, ಉಸಿರಾಡೋಕೆ ಆಗಲ್ಲ ಅಂತಿದ್ದಳು. ಆ ದಿನ ನಾನು ಅಡುಗೆಮನೇಲಿದ್ದೆ. ಹದಿನಾಲ್ಕು ವರ್ಷ ನನಗೆ. ಅಪ್ಪ ಕೂಗಾಡಿದ್ದು ಕೇಳಿಸ್ತು. "ಸಾಕು ನಾಟಕ, ಎದ್ದು ಓಡಾಡು! ಎಷ್ಟು ದಿನ ಅಂತ ಮಲಗಿರ್ತೀಯ?" ಅಮ್ಮ ಎದ್ದಳು. ನಾಲ್ಕು ಹೆಜ್ಜೆ. ಹೆಜ್ಜೆ ಸದ್ದು ನಾನು ಎಣಿಸಿದೀನಿ. ಆಮೇಲೆ ಬಿದ್ದ ಸದ್ದು.

ಅಪ್ಪ ಇದನ್ನೆಲ್ಲ ಡಾಕ್ಟರಮ್ಮನಿಗೆ ಹೇಳಿದ್ರು. ನೆಲ ನೋಡ್ತಾ, ಒಂದೊಂದೇ ಮಾತು. ಕೊನೆಗೆ ಕೇಳಿದ್ರು, "ನಾನು ಕೂಗಿದ್ದಕ್ಕೆ ಎದೆ ಒಡೆದು ಹೋಯ್ತು. ಹಾಗಲ್ವಾ?"

"ಇಷ್ಟು ವರ್ಷದ ಮೇಲೆ ಖಂಡಿತ ಅಂತ ಹೇಳೋಕಾಗಲ್ಲ," ಅಂದ್ರು ಡಾಕ್ಟರಮ್ಮ. "ಆದ್ರೆ ನೀವು ಹೇಳಿದ್ದು ಕೇಳಿದ್ರೆ ಇದೇ ಕಾಯಿಲೆ ಅಂತ ಕಾಣುತ್ತೆ. ಆ ಹೆಪ್ಪು ಮೊದಲೇ ಅಲ್ಲಿತ್ತು. ಅವರು ತಾವಾಗೇ ಎದ್ದಿದ್ರೂ ಅಷ್ಟೇ. ಗದರಿಸಿದ್ದಕ್ಕೆ ಯಾರಿಗೂ ರಕ್ತ ಹೆಪ್ಪುಗಟ್ಟಲ್ಲ ಯಜಮಾನ್ರೇ. ಮನೆತನದಲ್ಲೇ ಈ ಗುಣ ಇರಬಹುದು. ಇಬ್ಬರು ಹೆಣ್ಣುಮಕ್ಕಳ ರಕ್ತಾನೂ ಪರೀಕ್ಷೆ ಮಾಡಿಸೋಣ."

ಅಪ್ಪ ಮಂಚದ ಕಂಬಿ ಹಿಡಿದುಕೊಂಡ್ರು. ಗುಬ್ಬಿ ಹೋಗಿ ತಬ್ಬಿಕೊಂಡಳು. ಅಮ್ಮ ಹೋದಾಗ ಏಳು ವರ್ಷದವಳು, ಅವಳಿಗೇನೂ ಗೊತ್ತೇ ಇರಲಿಲ್ಲ.

ನನಗೆ ಗೊತ್ತಿತ್ತು. ನಾನೂ ಹಾಗೇ ಅಂದುಕೊಂಡಿದ್ದೆ, ಅಪ್ಪನ ಕೂಗಿಗೇ ಅಮ್ಮ ಸತ್ತಳು ಅಂತ. ಒಂದು ದಿನಾನೂ ಬಾಯಿಬಿಟ್ಟು ಹೇಳಿಲ್ಲ. ಅಲ್ಲ ಅಂತಾನೂ ಹೇಳಿಲ್ಲ. ಅಪ್ಪ ನನ್ನ ಕಣ್ಣಲ್ಲಿ ಅದನ್ನ ಓದ್ತಾನೇ ಇದ್ರು. ಅದಕ್ಕೇ ಅಲ್ವಾ ಅಂಗಡೀಲಿ ಎದುರುಬದುರು ಕೂತು ಬರೀ ತಿರುಪು, ತಟ್ಟೆ ಅಂತ ಮಾತಾಡಿದ್ದು? ನನ್ನ ಊದಿದ ಕಾಲು ನೋಡಿ ಬಾಗಿಲಲ್ಲಿ ನಿಂತಿದ್ದು, ಆಡೋಕೆ ಬಂದ ಮಾತು ನುಂಗಿಕೊಂಡು ಒಳಗೆ ಹೋಗಿದ್ದು? ಗದರಿಸೋದನ್ನ ಬಿಟ್ಟಿದ್ರು ಅವರು, ನಾನೇ ಬಿಡಿಸಿದ್ದೆ. ನನ್ನ ಜೀವ ಹೋಗ್ತಿದ್ದದ್ದು ಅದರಿಂದಲೇ. ಥೂ ನನ್ನ!

ಮಾರ್ಚ್ 9, ಭಾನುವಾರ

ಗುಬ್ಬಿ ಓಟ ಇವತ್ತಿತ್ತು. ಹೋಗಲಿಲ್ಲ. ಮೂರು ಮಾತ್ರೆ ಚರಂಡಿಗೆ ಹಾಕಿದೆ ಅಂದಳು. ವಾರ್ಡಿನ ನಡುದಾರೀಲಿ ನನ್ನ ಕೈ ಹಿಡಿದು ನಡೆಸಿದಳು. ಇಪ್ಪತ್ತೆರಡು ಹೆಜ್ಜೆ. ನಡುವೆ ಎರಡು ಸಲ ನಿಂತೆ. ಕೊನೆಗೆ "ಪದಕ ಕೊಡೇ" ಅಂದೆ. ಕಾಫಿ ಲೋಟದ ಮುಚ್ಚಳ ಕೊರಳಿಗೆ ಹಿಡಿದಳು. ಇಬ್ಬರೂ ನಕ್ಕು, ಆಮೇಲೆ ಇಬ್ಬರೂ ಅತ್ವಿ.

ಮಾರ್ಚ್ 18, ಮಂಗಳವಾರ

ನಾಡಿ 70.

ಮನೇಲಿದೀನಿ. ರಕ್ತ ತೆಳುವಾಗಿಡೋ ಮಾತ್ರೆ ಆರು ತಿಂಗಳಾದ್ರೂ ಬೇಕು, ಆಮೇಲೆ ನೋಡೋಣ ಅಂದಿದಾರೆ. ಪರೀಕ್ಷೆ ಚೀಟಿ ಬಂತು. ರಕ್ತ ಹೆಪ್ಪುಗಟ್ಟೋ ಆ ಗುಣ ನನಗೂ ಇದೆ, ಗುಬ್ಬಿಗೂ ಇದೆ. ಅಮ್ಮನಿಂದ ಬಂದಿದ್ದೇ ಇರಬೇಕು. ಗುಬ್ಬಿ ಓದಿ, ಮಡಚಿ, ಅಂಚೆ ಚೀಲದಲ್ಲಿ ಇಟ್ಟುಕೊಂಡಳು. "ಇಷ್ಟು ವರ್ಷ ಊರಿಗೆಲ್ಲ ಹಂಚಿದೆ, ನನಗೂ ಒಂದು ಬಂತು" ಅಂದಳು. ಹಾಳಾದವಳು, ಅಂಥ ಹೊತ್ತಲ್ಲೂ ನಗಿಸ್ತಾಳೆ. ಇನ್ನು ಆ ಮುಟ್ಟು ಮುಂದೂಡೋ ಮಾತ್ರೆ ಯಾವ ಕಾರಣಕ್ಕೂ ಅವಳ ಬಾಯಿಗೆ ಬೀಳಲ್ಲ, ಉದ್ದ ಪ್ರಯಾಣಕ್ಕೆ ಮುಂಚೆ ಡಾಕ್ಟರನ್ನ ಕೇಳ್ತಾಳೆ. ಇನ್ನೂ ಐವತ್ತು ವರ್ಷ ಅವಳು ನನ್ನ ಕಣ್ಮುಂದೆ ಇರಬೇಕು.

ಅಪ್ಪ ಬೆಳಗ್ಗೆ ನನ್ನ ನಾಡಿ ತಾವೇ ಬೆರಳಿಟ್ಟು ಎಣಿಸ್ತಾರೆ, ವಾಚು ಇದ್ರೂನೂ. ನಾನು ಕೈ ಕೊಟ್ಟು ಸುಮ್ಮನೆ ಕೂತಿರ್ತೀನಿ. ಇವತ್ತು ಒಂದು ನಿಮಿಷ ಆದ ಮೇಲೂ ಕೈ ಬಿಡಲಿಲ್ಲ. ನಾನೂ ಎಳೆದುಕೊಳ್ಳಲಿಲ್ಲ. ಅವರ ಪಿಸುಮಾತು ಮಾತ್ರ ಹಾಗೇ ಇದೆ.

ಮಾರ್ಚ್ 29, ಶನಿವಾರ

ನಾಡಿ 62. ಕಳೆಯೋಕೆ ಏನೂ ಇಲ್ಲ.

ದಿನಕ್ಕೆ ಇಪ್ಪತ್ತು ನಿಮಿಷ ನಡಿ, ಓಡೋ ಮಾತು ಈಗ ಬೇಡ ಅಂದಿದಾರೆ ಡಾಕ್ಟರಮ್ಮ. ಬೆಳಗ್ಗೆ ಬೂಟು ಕಟ್ಟಿ ಅಂಗಡಿ ಮೆಟ್ಟಿಲು ಇಳಿದೆ. ಮೂಲೆವರೆಗೂ ಬೀದಿ ಖಾಲಿ. ತಂಪಿತ್ತು. ನಡೀತಾನೇ ಇದ್ದೆ, ಆಣೆ. ಕಾಲಿಗೆ ಏನನ್ನಿಸಿತೋ, ತಾನಾಗೇ ಓಡೋಕೆ ಶುರು ಮಾಡ್ತು. ಹತ್ತು ಹೆಜ್ಜೆ ಆಗಿರಬಹುದು.

"ನಿಲ್ಲೇ!"

ಬೀದೀಲಿ ಯಾರೋ ಜಗಳಕ್ಕೆ ನಿಂತ್ರು ಅಂದುಕೊಂಡೆ. ತಿರುಗಿ ನೋಡಿದೆ. ಅಂಗಡಿ ಮೆಟ್ಟಿಲ ಮೇಲೆ ಅಪ್ಪ, ಕೈಯಲ್ಲಿ ಎರಡು ಕೆಜಿ ಬಟ್ಟು, ಕತ್ತಿನ ನರ ಉಬ್ಬಿದೆ.

"ಡಾಕ್ಟರು ನಡಿ ಅಂದ್ರಾ, ಓಡು ಅಂದ್ರಾ? ತಲೇಲಿ ಏನು ತುಂಬಿಕೊಂಡಿದೀಯ? ಸಾಯೋ ಹಾಗಾಗಿ ಬಂದಿದೀಯ, ಇನ್ನೂ ಬುದ್ಧಿ ಬರಲಿಲ್ವಾ ನಿಂಗೆ? ಬಾ ಈ ಕಡೆ!"

ಏನು ಗಂಟಲು! ಮರೆತೇಹೋಗಿತ್ತು ನನಗೆ. ಬೀಗದವನ ಕೈಯಿಂದ ಕೀಲಿಗೊಂಚಲು ಜಾರಿ ಬಿತ್ತು. ಎದುರುಮನೆ ಮಹಡಿ ಕಿಟಕಿ ತೆರೀತು.

ಆಮೇಲೆ ಅಪ್ಪನಿಗೆ ತಾನೇನು ಮಾಡಿದೆ ಅಂತ ಗೊತ್ತಾಯ್ತು. ಬಟ್ಟು ಕೆಳಗಿಟ್ಟು, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡ್ರು. ಮುಖದಲ್ಲಿ ರಕ್ತವೇ ಇರಲಿಲ್ಲ. ನನ್ನ ಕಾಲನ್ನೇ ನೋಡ್ತಿದ್ರು. ನಾನು ಬೀಳ್ತೀನಿ ಅಂತ ಕಾಯ್ತಿದ್ರು.

ನಾನು ಅವರ ಕಡೆಗೆ ನಡೆದೆ. ಮೆಲ್ಲಗೆ, ಕಾಣೋ ಹಾಗೆ. ಒಂದು, ಎರಡು, ಮೂರು, ನಾಲ್ಕು. ಐದು. ಆರು. ಮೆಟ್ಟಿಲವರೆಗೂ ಹೋಗಿ, ಬಾಯಿ ಮುಚ್ಚಿದ್ದ ಕೈ ಹಿಡಿದು ಕೆಳಗಿಳಿಸಿದೆ.

"ನಿಂತಿದೀನಿ ಅಪ್ಪ, ನೋಡಿ," ಅಂದೆ. "ಇನ್ನೊಂದ್ಸಲ ಬೈರಿ."

ಅಪ್ಪ ನನ್ನ ಮುಖ ನೋಡಿದ್ರು, ಕಾಲು ನೋಡಿದ್ರು. ಗಂಟಲು ಸರಿಮಾಡಿಕೊಂಡ್ರು. ಆಮೇಲೆ ಇಡೀ ಬೀದಿಗೆ ಕೇಳೋ ಹಾಗೆ, ಹೊಟ್ಟೆ ತುಂಬ ಬೈದ್ರು.